ಮೂರನೇ ಕಂಬದ ಮಾಮೂಲು

ನಮ್ಮ ಮನೆಯ ಮೇಲೆ ಹತ್ತಿರ ಹತ್ತಿರ ಮೂರು ಸಾವಿರ ನಾಡಹೆಂಚು ಇದ್ದವು. ಅಷ್ಟರಲ್ಲಿ ಸೋರುತ್ತಿದ್ದದ್ದು ಒಂದೇ ಕಡೆ, ನಡುಮನೆಯ ಮೂರನೇ ಕಂಬದ ಪಕ್ಕ. ಒಂದು ವರ್ಷ ಸೋರಿದರೆ ಹಳೆಯ ಮನೆ ಎನ್ನಬಹುದು. ಎರಡು ವರ್ಷ ಸೋರಿದರೆ ಹೆಂಚಿನವನು ಸೋಮಾರಿ ಎನ್ನಬಹುದು. ಹನ್ನೊಂದು ವರ್ಷ ಅದೇ ಜಾಗದಲ್ಲಿ, ಒಂದು ಗೇಣು ಆಚೆಯಿಲ್ಲ ಈಚೆಯಿಲ್ಲ ಎನ್ನುವ ಹಾಗೆ ಸೋರಿದರೆ ಏನೆನ್ನಬೇಕು? ನಾನು ಏನೆಂದೆ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. 

ಕುದೂರಿನ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು, ಬೆಂಗಳೂರಿಗೆ ಕರೆಂಟು ದೀಪ ಬಂತಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದ ವರ್ಷ. ನನ್ನ ತೌರು ಗುಡೇಮಾರನಹಳ್ಳಿ. ನಮ್ಮಪ್ಪ ಸಂಬಂಧ ಒಪ್ಪುವಾಗ ಹುಡುಗನ ಹೊಲ ಎಷ್ಟು, ಎತ್ತು ಎಷ್ಟು ಎಂದು ಆಮೇಲೆ ಕೇಳಿದ. ಆಗೆಲ್ಲ ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದ ಮಾತು ಒಂದೇ: "ಆ ಕಾಯ್ಲೆ ನಿಮ್ಮನೆ ಒಳೀಕೆ ಬಂದಿತ್ತಾ?" ಪ್ಲೇಗಿನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಿದರೆ ಅದನ್ನು ಕರೆದ ಹಾಗಾಗುತ್ತದೆಂದು ಭಯ. ನನ್ನ ಅತ್ತೆ ಬೋರಮ್ಮ ಎಲೆಅಡಿಕೆ ತಟ್ಟೆಯ ಮೇಲೆ ಕೈಯಿಟ್ಟು, "ಬಂದಿಲ್ಲ. ನಂಗಿರೋನು ಇವ್ನೊಬ್ನೇ ಮಗ" ಎಂದರಂತೆ. ಅಪ್ಪ ನಂಬಿದ, ಮದುವೆಯಾಯಿತು.

ಮೊದಲ ಮುಂಗಾರಿನ ದಿನ ಚೆನ್ನಾಗಿ ನೆನಪಿದೆ. ಹುತ್ರಿದುರ್ಗದ ಕಡೆ ಮೋಡ ಕಟ್ಟಿತ್ತು, ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಅತ್ತೆ ಅಟ್ಟದಿಂದ ಕಂಚಿನ ಬೋಗುಣಿ ಇಳಿಸಿ, ತೊಳೆದು ತಂದು ಮೂರನೇ ಕಂಬದ ಪಕ್ಕ ಇಟ್ಟರು. ಸ್ವಲ್ಪ ಹೊತ್ತಿಗೆ ಮಳೆ ಬಂತು. ಮೊದಲ ಹನಿ ಟಣ್ ಎಂದು ಬೋಗುಣಿಯ ನಟ್ಟನಡುವೆ ಬಿತ್ತು.

"ಇಲ್ಲೇ ಸೋರ್ತೈತೆ ಅಂತ ನಿಮ್ಗೆಂಗೆ ಗೊತ್ತಾಯ್ತು ಅತ್ತೆಮ್ಮಾ?" ಎಂದೆ.

"ಹಳೇ ಮನೆ ಕಣೆ. ಹಂಗೇಯ" ಎಂದು ಅವರು ಒಳಗೆ ಹೋದರು. ಹೊಸ ಸೊಸೆ, ನನ್ನ ಕೆಲಸಕ್ಕೆ ಹೋದೆ. ಆದರೆ ಮಳೆಗೂ ಮುಂಚೆ ಬೋಗುಣಿ ಬಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಪ್ರತಿವರ್ಷ ಮುಂಗಾರಿಗೆ ಮುಂಚೆ ಪೀರ್ ಸಾಬ್ ಎನ್ನುವವನು ನಮ್ಮ ಮನೆಯ ಹೆಂಚು ಕೈಯಾಡಿಸಲು ಬರುತ್ತಿದ್ದ. ಕೈಯಾಡಿಸುವುದೆಂದರೆ ಸೂರಿನಿಂದ ತುದಿಯವರೆಗೆ ಒಂದೊಂದೇ ಹೆಂಚು ಎತ್ತಿ, ಕಸ ಕೊಡವಿ, ಮಂಗ ಒಡೆದದ್ದನ್ನು ಬದಲಿಸಿ, ಮತ್ತೆ ಸಾಲಾಗಿ ಹೊದಿಸುವುದು. ಕುದೂರಿನ ಮುಕ್ಕಾಲು ಪಾಲು ಮನೆಗಳಿಗೆ ಅವನೇ ಹೆಂಚಿನವನು. ಸಣಕಲ ಆಳು, ಮಾತು ಕಮ್ಮಿ. ಬೆಕ್ಕಿನಂತೆ ಸೂರಿನ ಮೇಲೆ ಓಡಾಡುತ್ತಿದ್ದ, ಅವನ ಕಾಲ ಕೆಳಗೆ ಒಂದು ಹೆಂಚು ಒಡೆದದ್ದನ್ನು ನಾನು ಕಾಣೆ. ಇಷ್ಟು ಕೆಲಸ ಬಲ್ಲವನ ಕೈಯಲ್ಲಿ ಒಂದು ಸೋರು ನಿಲ್ಲಿಸಲು ಆಗುವುದಿಲ್ಲವೆಂದರೆ ನಂಬಲು ನಾನೇನು ತೊಟ್ಟಿಲ ಕೂಸೇ?

ನೋಡನೋಡುತ್ತ ಇನ್ನೂ ಕೆಲವು ವಿಷಯ ಕಣ್ಣಿಗೆ ಬಿದ್ದವು. ಮೂರನೇ ಕಂಬದ ಮೇಲಿನ ಜಾಗಕ್ಕೆ ಅವನು ಯಾವಾಗಲೂ ಕೊನೆಗೆ ಬರುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಅತ್ತೆ, ಒಲೆಯ ಮೇಲೆ ಏನೇ ಇರಲಿ, ಬಿಟ್ಟು ಅಂಗಳಕ್ಕೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು.

"ಆಯ್ತಾ ಸಾಬ್ರೆ?"

"ಆಯ್ತು ಕಣ್ ದೊಡ್ಡವ್ವಾ. ಮಾಮೂಲು."

ಮಾಮೂಲು ಎಂದರೆ ನಮ್ಮ ಕಡೆ ಎರಡು ಅರ್ಥ. ಎಂದಿನಂತೆ ಎನ್ನುವುದು ಒಂದು. ಕಚೇರಿಯ ಜವಾನನ ಕೈ ಬಿಸಿ ಮಾಡುವುದು ಇನ್ನೊಂದು. ನನಗೆ ಎರಡನೆಯದೇ ಕೇಳಿಸಿತು. ಯಾಕೆಂದರೆ ಅವನು ಇಳಿದು ಕೈಕಾಲು ತೊಳೆದ ಮೇಲೆ, ಕೂಲಿಯ ರಾಗಿ ಅಳೆದು ಕೊಟ್ಟಾದ ಮೇಲೆ, ಅತ್ತೆ ಸೆರಗಿನ ಮರೆಯಿಂದ ಒಂದು ಮುಷ್ಟಿಗಾತ್ರದ ಗಂಟು ತೆಗೆದು ಅವನಿಗೆ ಕೊಡುತ್ತಿದ್ದರು. ಅವನು ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು, ಬಿಚ್ಚಿಯೂ ನೋಡದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದ. ಗಂಟಿನಲ್ಲಿ ಏನೆಂದು ಕೇಳಿದರೆ ಅತ್ತೆಯ ಮುಖ ಬಾಗಿಲು ಹಾಕಿಕೊಂಡ ಹಾಗೆ ಆಗುತ್ತಿತ್ತು.

ನಮ್ಮ ಯಜಮಾನರನ್ನು ಕೇಳಿದೆ. ಅವರದು ಎಲ್ಲಕ್ಕೂ ಒಂದೇ ಉತ್ತರ. "ಅವ್ವ ಮಾಡಿದ್ರೆ ಏನೋ ಇರ್ತದೆ. ನಿಂಗ್ಯಾಕೆ?"

ನನಗೆ ಯಾಕೆಂದರೆ, ಆ ಮನೆಯನ್ನು ಮನೆ ಮಾಡಿದವಳು ನಾನು. ನಾನು ಬಂದಾಗ ಅದು ಕತ್ತಲೆಯ ಗವಿ. ನೆಲಕ್ಕೆ ಸಗಣಿ, ಅಡಿಗೆಮನೆ ತುಂಬ ಹೊಗೆ. ಅಡಿಗೆಮನೆಗೆ ಗವಾಕ್ಷಿ ಕೊರೆಸಿದೆ. ಮಗಳು ಚಿಕ್ಕತಾಯಿ ಹುಟ್ಟಿದ ವರ್ಷ ನಡುಮನೆಗೆ ಗಾರೆ ನೆಲ ಹಾಕಿಸಿದೆ, ಗಾರೆ ಅರೆಯುವವರ ಜೊತೆ ನಾನೂ ಕೂತು ಅರೆದೆ. ಜಗಲಿಗೆ ಕಲ್ಲು ಚಪ್ಪಡಿ ಕೂರಿಸಿದೆ. ಹಿಂದಿನ ಗೋಡೆ ಉಬ್ಬಿದಾಗ ಬಿಚ್ಚಿಸಿ ಕಟ್ಟಿಸಿದೆ. ಒಂದೊಂದಕ್ಕೂ ಯಜಮಾನರ ತಲೆ ತಿಂದಿದ್ದೇನೆ. ಅತ್ತೆ ಯಾವುದಕ್ಕೂ ಅಡ್ಡ ಬರಲಿಲ್ಲ. ಸೂರಿನ ಮಾತೆತ್ತಿದರೆ ಮಾತ್ರ, "ಸೂರು ಮುಟ್ಬ್ಯಾಡ" ಎಂದು ಎದ್ದು ಹೋಗುತ್ತಿದ್ದರು.

ನನಗೆ ಬೇಕಾಗಿದ್ದದ್ದು ಬೋಗುಣಿ ಇಡದ ಒಂದು ಮಳೆಗಾಲ. ಅದು ಬರೀ ಹಟವಲ್ಲ. ಚಿಕ್ಕತಾಯಿಗೆ ಏಳು ವರ್ಷವಾದಾಗ ಮೂರನೇ ಕಂಬದ ಬುಡಕ್ಕೆ ಬೆರಳಿಟ್ಟರೆ ಒಳಕ್ಕೆ ಹೋಗುತ್ತಿತ್ತು. ವರ್ಷವರ್ಷದ ನೀರಿಗೆ ನೆನೆದು ಗೆದ್ದಲು ಹತ್ತಿತ್ತು. ನಡುಮನೆಯ ತೊಲೆ ನಿಂತಿದ್ದದ್ದೇ ಆ ಕಂಬದ ಮೇಲೆ. ತೊಲೆಯ ಕೆಳಗೆ ನನ್ನ ಮಗಳು ಮಲಗುತ್ತಿದ್ದಳು. ಸಾಲದೆಂದು, ಮಳೆಯಿಲ್ಲದ ದಿನ ಮಧ್ಯಾಹ್ನ ಆ ಜಾಗಕ್ಕೆ ಮೇಲಿಂದ ಒಂದು ರೂಪಾಯಿ ಅಗಲದ ಬಿಸಿಲು ಬೀಳುತ್ತಿತ್ತು. ಅತ್ತೆ ಮಗುವನ್ನು ಕರೆದು ಆ ಬಿಸಿಲಿಗೆ ಕೂರಿಸಿ, ಬೆನ್ನು ಸವರುತ್ತ, "ಒಸಿ ಬಿಸ್ಲು ಬೀಳ್ಲಿ ಕಣವ್ವಾ" ಎನ್ನುತ್ತಿದ್ದರು. ಅಂಗಳದಲ್ಲಿ ಬಂಡಿಗಟ್ಟಲೆ ಬಿಸಿಲು ಬಿದ್ದಿರುವಾಗ ಒಳಗೆ ಕೂರಿಸಿ ಬಿಸಿಲು ಕಾಯಿಸುವುದು ಯಾವ ಊರಿನ ಪದ್ಧತಿ? ಮಾಟವೋ ಮಂತ್ರವೋ ಎಂದು ಅನುಮಾನ ಪಡುತ್ತಿದ್ದೆ.

ಆ ವರ್ಷ ಪೀರ್ ಸಾಬ್ ಬಂದಾಗ ನೇರವಾಗಿ ಕೇಳಿದೆ. "ಕಂಬದ ಮ್ಯಾಲೆ ತೂತು ಐತಲ್ಲ ಸಾಬ್ರೆ, ಅದ್ಯಾಕೆ ಮುಚ್ಚಲ್ಲ?"

ಅವನು ನನ್ನ ಮುಖ ನೋಡಲಿಲ್ಲ. "ಮಂಗ ಒಡ್ದಿರ್ಬೇಕು ಕಣವ್ವಾ" ಎಂದ.

ವರ್ಷವರ್ಷವೂ ಅದೇ ಹೆಂಚನ್ನೇ ಹುಡುಕಿಕೊಂಡು ಬಂದು ಒಡೆಯುವ ಮಂಗ! ನನಗೆ ರೇಗಿಹೋಯಿತು. ಒಂದು ಸೋರು ಉಳಿಸಿದರೆ ಮುಂದಿನ ವರ್ಷವೂ ಕರೆಯುತ್ತಾರೆ, ಮುದುಕಿಯ ಕೈಯಿಂದ ಗಂಟೂ ಸಿಗುತ್ತದೆ, ಇದೇ ಇವನ ಹೂಟ ಎಂದು ತೀರ್ಮಾನ ಮಾಡಿಕೊಂಡೆ.

ಮಾರನೇ ದಿನ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಮಾರಕ್ಕ ಸಿಕ್ಕಳು. "ನಿಮ್ಮನೆ ಕೈಯಾಡ್ಸಿದ್ನಾ ಪೀರ್ ಸಾಬ?" ಎಂದಳು.

"ಹೂಂ ಕಣಕ್ಕ. ಅವ್ನು ಸೂರ್ ಮ್ಯಾಲೂ ಕೈಯಾಡಿಸ್ತಾನೆ, ಮನೆ ಒಳೀಕೂ ಕೈಯಾಡಿಸ್ತಾನೆ" ಎಂದೆ.

ಪರರ ಗಡಿಗೆ, ಪೆಟ್ಟಿಗೆಗಳಲ್ಲಿ ಕೈಯಾಡಿಸುವುದಕ್ಕೂ ನಮ್ಮಲ್ಲಿ ಅದೇ ಮಾತು. ಮಾರಕ್ಕನ ಕೊಡ ಅಲ್ಲೇ ನಿಂತಿತು. "ಏನ್ ಹೋಯ್ತೇ?" ಎಂದು ಹತ್ತಿರ ಬಂದಳು. ಏನೂ ಹೋಗಿಲ್ಲ ಎನ್ನಬೇಕಾಗಿತ್ತು. ನಾನು ಅನ್ನಲಿಲ್ಲ. ತುಟಿ ಕೊಂಕಿಸಿ, ಕೊಡ ಎತ್ತಿಕೊಂಡು ಬಂದೆ. ಅಷ್ಟೇ ನಾನು ಮಾಡಿದ್ದು, ಅಷ್ಟೇ ಸಾಕಾಯಿತು.

ಮುಂದಿನ ಸಂತೆಯ ಹೊತ್ತಿಗೆ ಬೋರಮ್ಮನ ಸೊಸೆಯ ಓಲೆ ಹೋಯಿತಂತೆ ಎಂದು ಸುದ್ದಿ. ಅದರ ಮುಂದಿನ ಸಂತೆಗೆ ಓಲೆಯ ಜೊತೆ ಕಾಲಂದಿಗೆಯೂ ಹೋಯಿತು. ನನ್ನ ಓಲೆ ನನ್ನ ಕಿವಿಯಲ್ಲೇ ಇತ್ತು. ನೋಡಿದವರು ಹೊಸದು ಮಾಡಿಸಿಕೊಂಡಿದ್ದಾಳೆ ಎಂದರು. ಮಾರನೇ ವರ್ಷ ಪೀರ್ ಸಾಬನನ್ನು ಕರೆದದ್ದು ನಮ್ಮ ಮನೆಯೊಂದೇ.

"ಎಲ್ಲಾರ ಮನೇನೂ ಕೈಬುಟ್ಟೋಯ್ತು ದೊಡ್ಡವ್ವಾ, ಯಾಕೋ ಗೊತ್ತಿಲ್ಲ. ನಿಮ್ದೊಂದೇ ಉಳ್ಕಂಡಿರೋದು" ಎಂದು ಅಂಗಳದಲ್ಲಿ ನಿಂತು ಅತ್ತೆಗೆ ಹೇಳುತ್ತಿದ್ದ. ಬಾಗಿಲ ಹಿಂದೆ ನಿಂತಿದ್ದ ನನಗೆ ಚುರ್ ಎಂದಿತು. ಮರುಗಳಿಗೆಗೆ ನನ್ನ ಬುದ್ಧಿ ಕಂಬದ ಬುಡಕ್ಕೆ ಓಡಿತು. ಕಳ್ಳ, ಮುದುಕಿಯ ಕರುಳು ಹಿಂಡುತ್ತಿದ್ದಾನೆ ಎಂದುಕೊಂಡೆ. ಆ ವರ್ಷವೂ ಮಾಮೂಲು ಸೋರಿತು.

ಹನ್ನೊಂದನೇ ಮಳೆಗಾಲ ಕಳೆದು, ಬೇಸಗೆಯಲ್ಲಿ ಅತ್ತೆ ಮಾಗಡಿಯಲ್ಲಿದ್ದ ತಮ್ಮನ ಮನೆಗೆ, ಅವನ ಮಗಳ ಬಾಣಂತನ ಮಾಡಲೆಂದು ಹೋದರು. ಒಂದು ತಿಂಗಳು ಬರುವಂತಿರಲಿಲ್ಲ. ಇದೇ ಸಮಯವೆಂದು ಯಜಮಾನರ ಬೆನ್ನು ಹತ್ತಿದೆ. ಅವರು ಎರಡು ದಿನ ಒಲ್ಲೆ ಒಲ್ಲೆ ಎಂದರು. ಮೂರನೇ ದಿನ ಅವರ ಕೈಯನ್ನೇ ಹಿಡಿದು ಕಂಬದ ಬುಡಕ್ಕೆ ಇಡಿಸಿದೆ. ಬೆರಳು ಒಳಕ್ಕೆ ಹೋಯಿತು. ಅವರ ಮುಖ ಬಿಳಿಚಿಕೊಂಡಿತು. "ಏನಾರ ಮಾಡ್ಕ. ಅವ್ವಂಗೆ ನೀನೇ ಹೇಳ್ಬೇಕು" ಎಂದರು.

ಕ್ಲೋಸ್‌ಪೇಟೆ ರೈಲು ನಿಲ್ದಾಣಕ್ಕೆ ಬಂದಿಳಿದ ಮಂಗಳೂರು ಹೆಂಚು ಐದು ಗಾಡಿಗಳಲ್ಲಿ ಕುದೂರಿಗೆ ಬಂತು. ಮಾಗಡಿಯಿಂದ ಬಡಗಿಗಳು ಬಂದರು. ಕಂಬದ ಕೊಳೆತ ಬುಡ ಕತ್ತರಿಸಿ ಕೆಳಗೆ ಕಲ್ಲು ಕೊಟ್ಟರು, ಹೊಸ ಹೆಂಚು ಕೂರಿಸಲು ಮರದ ಪಟ್ಟಿ ಹೊಡೆದರು. ಹಳೆಯ ಹೆಂಚು ಇಳಿಸುವಾಗ ನಾನು ಕೆಳಗೇ ನಿಂತಿದ್ದೆ. ಮೂರನೇ ಕಂಬದ ಮೇಲಿನ ಹೆಂಚು ಕೈಗೆ ಬಂದಾಗ ತಿರುಗಿಸಿ ನೋಡಿದೆ. ಅದನ್ನು ಮಂಗ ಒಡೆದಿರಲಿಲ್ಲ. ನಡುವೆ ಗುಂಡಗೆ ತೂತು ಕೊರೆದು, ಅಂಚನ್ನು ಕಲ್ಲಿನಿಂದ ಉಜ್ಜಿ ನುಣುಪು ಮಾಡಿತ್ತು. ಕೆಳಗಿನ ಹೆಂಚಿಗೂ ಅದೇ ಅಳತೆಯ ತೂತು. ಹನ್ನೊಂದು ವರ್ಷದ ಅನುಮಾನ ನಿಜವಾಯಿತೆಂದು ನನಗೆ ಆದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೆಂಚನ್ನು ಸೆರಗಿನಲ್ಲಿ ಸುತ್ತಿಕೊಂಡು ನೆಟ್ಟಗೆ ಪೀರ್ ಸಾಬನ ಮನೆಗೆ ಹೋದೆ. ಅವನು ಹೊಸಲಿನ ಮೇಲೆ ಕೂತಿದ್ದ. ಬಲಗೈ ಮಣಿಕಟ್ಟಿಗೆ ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಅವನ ಹೆಂಡತಿ ಅಕ್ಬರಿ ಬೇಗಂ ರಾಗಿ ಕೇರುತ್ತಿದ್ದಳು. ಕೈ ನೋಡಿದಾಗಲೂ, ನಾನು ಬರುವುದು ಕಂಡು ನಾಟಕ ಕಟ್ಟಿದ್ದಾನೆ ಎಂದೇ ಅನಿಸಿತು. ಅಷ್ಟು ಕೆಟ್ಟಿದ್ದೆ ನಾನು.

"ಇದ್ಯಾವ ಮಂಗ ಕೊರೀತು ಸಾಬ್ರೆ?" ಎಂದು ಹೆಂಚನ್ನು ಅವನ ಮುಂದೆ ಹಿಡಿದೆ.

ಅವನು ಹೆಂಚನ್ನು ನೋಡಿದ, ನನ್ನನ್ನು ನೋಡಿದ. "ತಗ್ದುಬುಟ್ರಾ?" ಎಂದ. ಆಮೇಲೆ ಮೆಲ್ಲಗೆ, "ಬಿಸ್ಲು ಬೀಳಾಕೆ ಏನಾರ ಜಾಗ ಬುಟ್ಟಿದೀರಾ ಅವ್ವಾ?"

"ಯಾಕೆ ಬಿಡ್ಬೇಕು? ಹೇಳಿ!"

"ನಾನು ಹೇಳಂಗಿಲ್ಲ. ಮಾತು ಕೊಟ್ಟಿವ್ನಿ. ದೊಡ್ಡವ್ವನ್ನ ಕೇಳಿ."

ಅಕ್ಬರಿ ಬೇಗಂ ಮೊರ ಕೆಳಗಿಟ್ಟು ಎದ್ದು ನಿಂತಳು. ಏನೋ ಹೇಳಲು ಬಾಯಿ ತೆರೆದಳು, ಗಂಡ ಎಡಗೈ ಎತ್ತಿ ತಡೆದ. ಅವಳು ನೋಡಿದ ನೋಟ ನನ್ನ ಬೆನ್ನಿಗೆ ಅಂಟಿಕೊಂಡು ಮನೆಯವರೆಗೂ ಬಂತು.

ತಿಂಗಳು ತುಂಬಿ ಅತ್ತೆ ಬಂದರು. ಮಧ್ಯಾಹ್ನದ ಹೊತ್ತು. ಗಾಡಿಯಿಂದ ಇಳಿದಾಗಲೇ ಕೆಂಪು ಸೂರು ಕಂಡಿರಬೇಕು. ಗಂಟುಮೂಟೆ ಜಗಲಿಯ ಮೇಲೆ ಬಿಟ್ಟು ನಡುಮನೆಗೆ ಬಂದು ಮೂರನೇ ಕಂಬದ ಹತ್ತಿರ ನಿಂತರು. ನೆಲ ನೋಡಿದರು. ಅಲ್ಲಿ ಬಿಸಿಲು ಇರಲಿಲ್ಲ. ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ, ತೂತಿನ ಹೆಂಚು ಕೈಯಲ್ಲೇ ಇತ್ತು. ಅವರು ಜಗಳ ಮಾಡಲಿಲ್ಲ. ಕಂಬಕ್ಕೆ ಒರಗಿ ಕೂತು, ಖಾಲಿ ನೆಲವನ್ನು ಅಂಗೈಯಿಂದ ಸವರಿದರು.

"ಇಲ್ಲೇ ಮಲಗಿಸಿದ್ದೆ ಕಣೆ ತಿಮ್ಮಿ, ನನ್ ಬಸವನ್ನ" ಎಂದರು.

ಆ ಹೆಸರನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ.

"ನಿನ್ ಗಂಡನ ತಮ್ಮ. ಏಳು ವರ್ಷ. ತೊಡೆಸಂದೀಲಿ ಗಡ್ಡೆ ಎದ್ದಿತ್ತು. ಊರೆಲ್ಲ ಹೊಲದಲ್ಲಿ ಗುಡ್ಲು ಹಾಕಂಡಿತ್ತು. ಗೊತ್ತಾದ್ರೆ ಸರ್ಕಾರದೋರು ಹೊತ್ಕಂಡು ಹೋಗಿ ಕ್ಯಾಂಪಿಗೆ ಹಾಕೋರು, ಹೋದ ಮಕ್ಳು ಒಂದೂ ಬರ್ತಿರ್ನಿಲ್ಲ. ದೊಡ್ಡೋನ್ನ ಅವ್ರಪ್ಪನ ಜೊತೆ ಗುಡ್ಲಿಗೆ ಕಳಿಸ್ಬುಟ್ಟು, ಬಾಗ್ಲಿಗೆ ಹೊರಗಿಂದ ಬೀಗ ಹಾಕಿಸ್ಕಂಡು ಒಳಗೆ ನಾವಿಬ್ರೇ ಇದ್ವಿ. ದೀಪ ಹಚ್ಚಂಗಿಲ್ಲ, ಒಲೆ ಹಚ್ಚಂಗಿಲ್ಲ. ಚಳಿ ಚಳಿ ಅಂತಾನೆ. 'ಅವ್ವಾ, ಬಿಸ್ಲಿಗೆ ಕರ್ಕಂಡೋಗು' ಅಂತಾನೆ. ಎಲ್ಲಿಗೆ ಕರ್ಕಂಡೋಗ್ಲಿ?"

ನಾನು ಹೆಂಚನ್ನು ನೆಲಕ್ಕಿಟ್ಟು ಅವರ ಎದುರು ಕೂತೆ.

"ಆಗ ಖಾಲಿ ಮನೆಗಳ ಹೆಂಚು ತಗ್ಸಿ ಒಳೀಕೆ ಬಿಸ್ಲು ಬುಡ್ಸೋರು, ಕಾಯ್ಲೆ ಸಾಯ್ಲಿ ಅಂತ. ಆ ಕೆಲ್ಸಕ್ಕೆ ಸರ್ಕಾರ ಇಟ್ಕಂಡಿದ್ದಿದ್ದು ಪೀರ್ ಸಾಬನ್ನ. ನಮ್ ಸೂರ್ ಹತ್ತಿ ಒಂದು ಹೆಂಚು ಎತ್ತವ್ನೆ, ಕೆಳಗೆ ನಾವು. ಕೈ ಮುಗ್ದೆ. ಅವ್ನು ಕೂಗ್ಬೇಕಾಗಿತ್ತು, ಕೂಗ್ನಿಲ್ಲ. ಮಗೀನ ಮೈ ಮ್ಯಾಲೆ ಬಿಸ್ಲು ಬೀಳಂಗೆ ಆ ಹೆಂಚು ಸರಿಸ್ಬುಟ್ಟು, ಜವಾನ್ರಿಗೆ ಈ ಮನೆ ಆಯ್ತು ಅಂದ. ಮೂರು ದಿನ ಬಂದ ಕಣೆ. ಹೊತ್ತು ಸರಿದಂಗೆ ಒಂದೊಂದು ಹೆಂಚು ಸರಿಸಿ, ಬಿಸ್ಲು ಮಗೀನ ಬಿಟ್ಟು ಹೋಗ್ದಂಗೆ ನೋಡ್ಕಂಡ. ಮೂರನೇ ದಿನ ಬಸವ ಬಿಸ್ಲಲ್ಲೇ ಹೋದ. ಹೊತ್ಕಂಡೋಗಿ ಮಣ್ಣು ಮಾಡಿದ್ದೂ ಅವ್ನೇ."

"ಮತ್ತೆ ಆ ಗಂಟು?" ಎಂದೆ.

"ಸಕ್ರೆ. ಸತ್ತೋರ ಹೆಸ್ರಲ್ಲಿ ದರ್ಗಾದಲ್ಲಿ ಓದ್ಸಾಕೆ. ಬಸವಂಗಲ್ಲ. ನಮ್ಮನೆಗೆ ಬಂದು ಹೋದ ಎಂಟನೇ ದಿನಕ್ಕೆ ಸಾಬನ ಮಗ್ಳಿಗೆ ಗಡ್ಡೆ ಎದ್ತು. ಮಜೀದಾ ಅಂತ. ಐದು ವರ್ಷ. ಇರೋದೊಂದೇ. ಅದೂ ಹೋಯ್ತು. ಅವ್ನು ಒಂದಿನಾನೂ ನಿಮ್ಮಿಂದ ಬಂತು ಅನ್ನಿಲ್ಲ ಕಣೆ. ನಿಂಗೆ ಹೇಳಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ನಾ? ಬಾಯಿ ಬುಡ್ಬ್ಯಾಡ ಸಾಬ್ರೆ ಅಂದೆ, ಬುಡ್ನಿಲ್ಲ."

ನಾನು ಅಳಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು. ಬಾವಿಕಟ್ಟೆಯಲ್ಲಿ ತುಟಿ ಕೊಂಕಿಸಿದ್ದು ಕಣ್ಣ ಮುಂದೆ ಬಂತು. ಅದನ್ನು ಅತ್ತೆಗೆ ಅಲ್ಲೇ ಹೇಳಿಬಿಟ್ಟೆ. ಅವರು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಕಡೆಯಿಂದ ಮುಖ ತಿರುಗಿಸಿಕೊಂಡು ಕೂತರು. ಹನ್ನೊಂದು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೊಂದೇ ಸಲ.

ಮಾರನೇ ಬೆಳಗ್ಗೆ ಪೀರ್ ಸಾಬನ ಹೊಸಲಿನ ಮುಂದೆ ನಿಂತೆ. ಅಕ್ಬರಿ ಬೇಗಂ ಬಾಗಿಲಿಗೆ ಅಡ್ಡ ನಿಂತಳು. "ಈಗ್ಯಾಕೆ ಬಂದ್ರಿ? ಇನ್ನೇನು ಕಳೀತು ನಿಮ್ಮನೇಲಿ?" ಎಂದಳು.

"ನಂದೇ ತಪ್ಪು ಬೇಗಮ್ಮ. ಊರಿಗೆ ಸುಳ್ಳು ಹಬ್ಸಿದ್ದು ನಾನೇ."

"ಗೊತ್ತು. ಸೂರಿನ ಕೆಲ್ಸ ಹೋಯ್ತು, ರಸ್ತೆಗೆ ಜಲ್ಲಿ ಒಡ್ಯಾಕೆ ಹೋದ್ರು. ಕಲ್ಲು ಉರುಳಿ ಕೈ ಮುರೀತು. ತಪ್ಪು ಅಂದ್ರೆ ಕೂಡ್ಕತದಾ?"

ಒಳಗಿನಿಂದ ಪೀರ್ ಸಾಬ್ ಬಂದ. ಬೀದಿಯವರಿಗೆಲ್ಲ ಕೇಳುವ ಹಾಗೆ ಗಂಟಲೆತ್ತಿ ಹೇಳಿದೆ: "ಸಾಬ್ರೆ, ನಮ್ಮನೇಲಿ ಒಂದು ಕಡ್ಡಿನೂ ಕಳೆದಿಲ್ಲ. ನೀವು ಏನೂ ಮುಟ್ಟಿಲ್ಲ. ನಮ್ಮನೆ ಹೆಂಚು ಕೈಯಾಡ್ಸಾಕೆ ಬರ್ಬೇಕು."

ಅವನು ಬಲಗೈ ಎತ್ತಿ ತೋರಿಸಿದ. ಬೆರಳು ಮಡಚುತ್ತಿರಲಿಲ್ಲ. "ಈ ಕೈ ಇನ್ನು ಸೂರು ಹತ್ತಲ್ಲ ಅವ್ವಾ. ಮಂಗ್ಳೂರು ಹೆಂಚಿಗೆ ಕೈಯಾಡ್ಸೋ ಕೆಲ್ಸಾನೂ ಇಲ್ಲ."

"ನೀವು ಹತ್ಬ್ಯಾಡಿ. ಬಂದು ನಿಂತ್ಕಳಿ, ಸಾಕು."

ಅವನು ಹೆಂಡತಿಯ ಮುಖ ನೋಡಿದ. ಅವಳು ಬಾಗಿಲು ಬಿಟ್ಟು ಸರಿದಳು, ನನಗಾಗಿ ಅಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಏಣಿ ಹಾಕಿಸಿದೆ. ಯಜಮಾನರು ತಾವು ಹತ್ತುತ್ತೇನೆಂದರು, ಬೇಡವೆಂದೆ. ಸೀರೆಯನ್ನು ಕಚ್ಚೆ ಹಾಕಿ ಬಿಗಿದು ನಾನೇ ಹತ್ತಿದೆ. ಮಾರಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನೋಡುತ್ತಿದ್ದಳು. ಬೀದಿಯಲ್ಲಿ ಇನ್ನೂ ಹತ್ತು ಜನ ಸೇರಿದರು. ಸೂರಿನ ಮೇಲೆ ಕಾಲಿಟ್ಟೆ.

"ಹೆಂಚಿನ ನಡುವೆ ಕಾಲಿಡ್ಬ್ಯಾಡಿ ಅವ್ವಾ, ಪಟ್ಟಿ ಮ್ಯಾಲೆ ಇಡಿ" ಎಂದು ಕೆಳಗಿನಿಂದ ಪೀರ್ ಸಾಬ್ ಕೂಗಿದ. ಎಡಗೈಯನ್ನು ಕಣ್ಣಿಗೆ ಅಡ್ಡ ಹಿಡಿದಿದ್ದ. "ಒಸಿ ಮುಂದಕ್ಕೆ. ಇನ್ನೊಸಿ. ಅದೇಯ. ಮ್ಯಾಲಿನ್ದ ಎತ್ತಿ ಹಿಡ್ಕಂಡು ಕೆಳಗಿನ್ದ ಎಳ್ಕಳಿ."

ಉಗುರು ಕಿತ್ತುಬಂದರೂ ಎಳೆದೆ. ಹೊಚ್ಚ ಹೊಸ ಹೆಂಚು ಕೈಗೆ ಬಂತು. ಸೂರಿನಲ್ಲಿ ಮೊರದಗಲ ಬಾಯಿ ಬಿಟ್ಟಿತು. ಇನ್ನು ಮಳೆಗಾಲದಲ್ಲಿ ಬೋಗುಣಿ ಸಾಲದು, ಹಂಡೆಯನ್ನೇ ಇಡಬೇಕು. ಇಡುತ್ತೇನೆ, ಮೋಡ ಕಟ್ಟುವ ಮುಂಚೆಯೇ ತೊಳೆದು ಇಡುತ್ತೇನೆ. ಕಂಬದ ಬುಡ ಈಗ ಕಲ್ಲು, ಎಷ್ಟು ನೀರು ಬಿದ್ದರೂ ತಡೆಯುತ್ತದೆ.

ಕೆಳಗೆ ಬಗ್ಗಿ ನೋಡಿದೆ. ಅತ್ತೆ ಪೀರ್ ಸಾಬನನ್ನು ಕರೆದುಕೊಂಡು ನಡುಮನೆಗೆ ಬಂದಿದ್ದರು. ಇಬ್ಬರೂ ಮೂರನೇ ಕಂಬದ ಪಕ್ಕದ ನೆಲ ನೋಡುತ್ತ ನಿಂತಿದ್ದರು. ಅತ್ತೆಯ ಪಾದದ ಮೇಲೂ ಅವನ ಪಾದದ ಮೇಲೂ ಬಿಸಿಲು ಬಿದ್ದಿತ್ತು.

ಹನ್ನೊಂದು ವರ್ಷ ಬಾಗಿಲ ಹಿಂದೆ ನಿಂತು ಕದ್ದು ಕೇಳಿದ ಮಾತನ್ನು ಈಗ ನಾನೇ ಕೇಳಿದೆ.

"ಆಯ್ತಾ ಸಾಬ್ರೆ?"

ಅವನು ಮುಖ ಎತ್ತಿ ಹೊಸ ತೂತಿನಿಂದ ನನ್ನನ್ನು ನೋಡಿದ. ಗಲ್ಲ ಒದ್ದೆಯಾಗಿತ್ತು.

"ಆಯ್ತು ಕಣವ್ವಾ. ಮಾಮೂಲು."